ಬಳ್ಳಿಯನ್ನು ಬರೆಯುವ ಬಗೆ

ಕಿಟಕಿಯ ಪರದೆಗೋ, ದಿಂಬಿನ ಗವಸಿಗೋ ಕೈಯಾರೆ ಒಂದು ಹೂಬಳ್ಳಿ ಬರೆಯಬೇಕೆಂದು ನಿಮಗೆ ಎಂದಾದರೂ ಮನಸ್ಸಾಗಿದ್ದರೆ, ಬಣ್ಣದ ಅಂಗಡಿಗೆ ಹೋಗುವ ಮೊದಲು ನಮ್ಮ ಹಳೆಯ ಗುಡಿಗಳನ್ನು ಒಮ್ಮೆ ನೋಡಿ ಬನ್ನಿರಿ. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ, 13ನೆಯ ಶತಮಾನದ ಪಂಚಲಿಂಗೇಶ್ವರ ದೇವಾಲಯವಿದೆ; ಐದು ಗರ್ಭಗುಡಿಗಳು ಸಾಲಾಗಿ ನಿಂತಿವೆ. ಅಲ್ಲಿ ಉಳಿ ಹಿಡಿದವರಲ್ಲಿ ರೂವಾರಿ ಮಲ್ಲಿತಮ್ಮನೂ ಒಬ್ಬ. ರೂಪವನ್ನು ಮಾಡುವವನೇ ರೂವಾರಿ. ಪದ ಬಿಡಿಸುವುದು ಪಂಡಿತರ ಚಟ, ಕ್ಷಮಿಸಿರಿ. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಇದೆ. ಆ ಗುಡಿಯ ಬುಡದಲ್ಲಿ ಆನೆ ಕುದುರೆಗಳ ಸಾಲಿನ ಮೇಲೆ ಹರಿದಿರುವ ಬಳ್ಳಿಯ ಪಟ್ಟಿಕೆಯೇ ನಮಗೆ ಪಾಠ.

ಆ ಬಳ್ಳಿಯನ್ನು ಬೆರಳಿನಿಂದ ಗಾಳಿಯಲ್ಲಿಯೇ ಹಿಂಬಾಲಿಸಿರಿ. ದಂಟು ಒಮ್ಮೆ ಮೇಲಕ್ಕೆ ಬಾಗುತ್ತದೆ, ಒಮ್ಮೆ ಕೆಳಕ್ಕೆ. ಪ್ರತಿಯೊಂದು ಬಾಗಿನ ಒಡಲನ್ನೂ ಎಲೆಯ ಸುರುಳಿ ತುಂಬಿದೆ. ಮೇಲಿನದೊಂದು, ಕೆಳಗಿನದೊಂದು ಸೇರಿ ಒಂದು ಜೋಡಿ. ಮತ್ತೆ ಮತ್ತೆ ಬರುವುದು ಈ ಜೋಡಿಯೇ ಹೊರತು ಒಂಟಿ ಬಾಗಲ್ಲ.

ಇದನ್ನು ನಾನು ಕಲಿತದ್ದು ಕೆಟ್ಟ ಮೇಲೆ. ಮಗಳ ಮನೆಯ ಗೃಹಪ್ರವೇಶಕ್ಕೆಂದು ಮಣ್ಣಿನ ಹೂಕುಂಡವೊಂದರ ಸುತ್ತ ಹೀರೆಬಳ್ಳಿ ಬರೆಯಹೊರಟೆ. ಸುತ್ತಳತೆ 28 ಅಂಗುಲ. ನಾಲ್ಕು ಅಂಗುಲಕ್ಕೊಂದರಂತೆ ಏಳು ಬಾಗು. ಲೆಕ್ಕವೇನೋ ಸರಿಯೇ! ಆದರೆ ಸುತ್ತಿ ಬಂದಾಗ ಮೊದಲನೆಯ ಬಾಗೂ ಮೇಲಕ್ಕೆ, ಏಳನೆಯದೂ ಮೇಲಕ್ಕೆ. ದಂಟು ಕೂಡುವಲ್ಲಿ ನಡುವೆ ಮುರಿದಂತಾಯಿತು. “ಇದೇನ್ರೀ, ಬಳ್ಳಿಗೆ ಕಾಲು ಉಳುಕಿದೆಯೇ?” ಎಂದರು ಮನೆಯವರು. ಗೃಹಪ್ರವೇಶಕ್ಕೆ ಎರಡೇ ದಿನ ಉಳಿದಿತ್ತು. ಎಲ್ಲವನ್ನೂ ಒರೆಸಿ, ಮೂರೂವರೆ ಅಂಗುಲದ ಎಂಟು ಬಾಗುಗಳನ್ನು ರಾತ್ರಿ ಕುಳಿತು ಬರೆದೆ. ಸುತ್ತುವ ವಸ್ತುವಿಗೆ ಬಾಗುಗಳ ಸಂಖ್ಯೆ ಸಮವಾಗಿರಲೇಬೇಕು.

ಇನ್ನು ಗಿಡದ ಮಾತು. ಅಚ್ಚಾದ ಚಿತ್ರವನ್ನು ನಕಲು ಮಾಡಬೇಡಿರಿ. ಹಿತ್ತಲಿನ ಬಳ್ಳಿಯನ್ನೇ ನೋಡಿರಿ. ಹೀರೆಯ ಕುಡಿ ಎಲೆ ಹುಟ್ಟುವ ಗೆಣ್ಣಿನಲ್ಲಿಯೇ ಮೂಡುತ್ತದೆ. ನಾವು ಅಂದಕ್ಕೆಂದು ದಂಟಿನ ನಡುವೆ ಎಲ್ಲೋ ಅಂಟಿಸಿದರೆ, ರೈತನ ಮಗು ಕೂಡ ನಕ್ಕೀತು. ಎಲೆಯ ನರಗಳನ್ನೆಲ್ಲ ಬರೆಯುವ ಅವಶ್ಯಕತೆಯಿಲ್ಲ. ಅಂಚಿನ ಆಕಾರ ಸರಿಯಿದ್ದರೆ ಸಾಕು. ಎಲೆಗಳ ನಡುವಣ ಬರಿದು ಜಾಗವನ್ನೂ ಎಲೆಯಷ್ಟೇ ಎಚ್ಚರದಿಂದ ನೋಡಿಕೊಳ್ಳಿರಿ.

ಗೋಡೆಯನ್ನೋ ದೊಡ್ಡ ಬಟ್ಟೆಯನ್ನೋ ಪೂರ್ತಿ ತುಂಬುವುದಾದರೆ ಪಟ್ಟಿಕೆ ಸಾಲದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಒಳಗೆ ಹೋದರೆ ಗೋಡೆ, ಕಂಬ, ಕಮಾನುಗಳನ್ನೆಲ್ಲ ಹೂವು ಎಲೆಗಳು ಹೇಗೆ ಆವರಿಸಿವೆ ಎಂಬುದು ಕಾಣುತ್ತದೆ. ಜನರೆಲ್ಲ ಪೊಲ್ಲಿಲೂರಿನ ಯುದ್ಧದ ಚಿತ್ರದ ಮುಂದೆಯೇ ನಿಂತುಬಿಡುತ್ತಾರೆ. ನೀವು ಹೂಗಳ ಕಡೆಗೂ ಕಣ್ಣು ಹಾಯಿಸಿರಿ. ಮನೆಯಲ್ಲಿ ಹೀಗೆ ಮಾಡಿರಿ: ಕಾಗದದ ನಡುವೆ ಹೂವನ್ನು ಬರೆದು, ಅಂಚು ಬರಿದಾಗಿಡಿ. ಕಾಗದವನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿ, ಎಡದ ತುಂಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಅಂಟಿಸಿರಿ. ಬರಿದಾಗಿದ್ದ ಅಂಚು ಈಗ ನಡುವಿಗೆ ಬಂದಿರುತ್ತದೆ. ಅಲ್ಲಿ ಎಲೆ ಮೊಗ್ಗುಗಳನ್ನು ತುಂಬಿರಿ. ಈ ಹಾಳೆಯ ಪ್ರತಿಗಳನ್ನು ಪಕ್ಕ ಪಕ್ಕ ಇಟ್ಟರೆ ಬೆಸುಗೆ ಕಾಣಿಸದು.

ಹೊಸ ಹತ್ತಿಬಟ್ಟೆಯಾದರೆ ಮೊದಲು ಒಗೆದು ಗಂಜಿ ಬಿಡಿಸಿರಿ. ಇಲ್ಲವಾದರೆ ಬಣ್ಣ ನೂಲಿಗೆ ಹಿಡಿಯದು. ಅಡಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಬಣ್ಣ ಚೆನ್ನಾಗಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿರಿ.