ಮಂಗಳೂರಿಗೆ ಬಂದ ಮುರುಕು ಹಡಗು

ಕ್ರಿ. ಶ. ೧೭೯೭ರ ಆರಂಭದಲ್ಲಿ, ಕೂವೆಮರ ಮುರಿದ ಫ್ರೆಂಚ್ ಹಡಗೊಂದು ದುರಸ್ತಿಗಾಗಿ ಮಂಗಳೂರಿನ ರೇವನ್ನು ಹೊಕ್ಕಿತು. ಅದರ ನಾಯಕ ಫ್ರಾಂಸ್ವಾ ರಿಪೋ ಎಂಬವನು ಶತ್ರುಗಳ ಹಡಗುಗಳನ್ನು ಸುಲಿದು ಬದುಕುವ ಕಡಲ ಸಾಹಸಿ. ಬಿರುಗಾಳಿಗೆ ಸಿಕ್ಕಿ ನುಗ್ಗಾದ ಹಡಗುಗಳು ಪಡುವಣ ಕರಾವಳಿಗೆ ಹೊಸತಲ್ಲ. ಆದರೆ ಈ ಹಡಗು ಘಟ್ಟದ ಮೇಲಣ ಶ್ರೀರಂಗಪಟ್ಟಣದ ಕೋಟೆಯನ್ನೇ ಅಲುಗಿಸಿತು.

೧೭೯೨ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು, ೩ ಕೋಟಿ ೩೦ ಲಕ್ಷ ರೂಪಾಯಿ ತೆರಲು ಒಪ್ಪಿದ್ದ ಟಿಪ್ಪು ಸುಲ್ತಾನನಿಗೆ ಫ್ರೆಂಚರ ನೆರವೇ ದೊಡ್ಡ ಆಸೆಯಾಗಿತ್ತು. ಫ್ರೆಂಚರು ಈ ಸೀಮೆಗೆ ಅಪರಿಚಿತರೇನೂ ಅಲ್ಲ. ಪಟ್ಟಣದ ಉತ್ತರಕ್ಕೆ ಹಿರೋಡೆಯ ಬಂಡೆಗಳ ಬಳಿ ಅವರ ದಂಡು ಬೀಡುಬಿಟ್ಟಿದ್ದುದರಿಂದಲೇ ಇಂದಿನ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹುಕಾಲ ಉಳಿದಿತ್ತು.

ಪಟ್ಟಣಕ್ಕೆ ಕರೆತಂದಾಗ ರಿಪೋ ತನ್ನನ್ನು ಫ್ರೆಂಚ್ ಸರ್ಕಾರದ ಪ್ರತಿನಿಧಿಯೆಂದು ಹೇಳಿಕೊಂಡನು. ಮಾರಿಷಸ್ ದ್ವೀಪದಲ್ಲಿ ೧೦,೦೦೦ ಸೈನಿಕರು ಸಿದ್ಧರಾಗಿರುವರೆಂದೂ ನಂಬಿಸಿದನು. ಇವನ ಮಾತು ನೆಚ್ಚತಕ್ಕದ್ದಲ್ಲವೆಂದು ಸುಲ್ತಾನನ ಸಲಹೆಗಾರರು ಎಚ್ಚರಿಸಿದರು. ಅವರೇ ಸರಿ, ಆದರೆ ಮುಳುಗುವವನು ಹುಲ್ಲುಕಡ್ಡಿಯ ಯೋಗ್ಯತೆಯನ್ನು ವಿಚಾರಿಸುವುದುಂಟೇ? ಮೇ ತಿಂಗಳಲ್ಲಿ ಪಟ್ಟಣದ ಫ್ರೆಂಚರು ತಮ್ಮ ಕ್ರಾಂತಿಯ ಬಾವುಟವೇರಿಸಿ, ‘ಸ್ವಾತಂತ್ರ್ಯವೃಕ್ಷ’ವನ್ನು ನೆಟ್ಟರೆಂದು ಕಾಗದಪತ್ರಗಳಲ್ಲಿದೆ. ಅವು ೧೭೯೯ರಲ್ಲಿ ಅರಮನೆಯಲ್ಲಿ ಸಿಕ್ಕವೆಂದು ಗೆದ್ದ ಇಂಗ್ಲಿಷರೇ ಅಚ್ಚು ಹಾಕಿಸಿದವು. ಆ ಸಮಾರಂಭದ ಕಥೆಯನ್ನು ಸಂದೇಹಿಸಿದ ಇತಿಹಾಸಕಾರರೂ ಇದ್ದಾರೆ.

ಮಳೆಗಾಲದ ಕಡಲು ಹಡಗುಗಳಿಗೆ ದಾರಿ ಕೊಡದು. ಆದ್ದರಿಂದ ಸುಲ್ತಾನನ ಇಬ್ಬರು ರಾಯಭಾರಿಗಳು ವರ್ಷದ ಕೊನೆಗೆ ಮಂಗಳೂರನ್ನು ಬಿಟ್ಟರು. ಗುಟ್ಟಾಗಿ ನಡೆಯಬೇಕಿದ್ದ ಕೆಲಸವದು. ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ ಅವರನ್ನು ಬಹಿರಂಗವಾಗಿ ಬರಮಾಡಿಕೊಂಡನು! ಅವನ ಬಳಿ ಕಳುಹಿಸಲು ಸೈನ್ಯವಿರಲಿಲ್ಲ. ಅದರ ಬದಲು, ಟಿಪ್ಪುವಿನ ಸೇನೆಗೆ ಸೇರಲು ಇಷ್ಟವುಳ್ಳವರು ಮುಂದೆ ಬರಲೆಂದು ೧೭೯೮ರ ಜನವರಿ ೩೦ರಂದು ಸಾರ್ವಜನಿಕ ಘೋಷಣೆ ಹೊರಡಿಸಿದನು. ಕೂಡಿದವರು ಸುಮಾರು ೧೦೦ ಮಂದಿ. ‘ಪ್ರೆನ್ಯೂಸ್’ ಎಂಬ ಯುದ್ಧನೌಕೆ ಏಪ್ರಿಲ್ ಕೊನೆಯಲ್ಲಿ ಅವರನ್ನು ಮಂಗಳೂರಿನಲ್ಲಿ ಇಳಿಸಿತು.

ಜೂನ್ ತಿಂಗಳಲ್ಲಿ ಆ ಘೋಷಣೆ ಕಲ್ಕತ್ತದ ಪತ್ರಿಕೆಯಲ್ಲಿ ಅಚ್ಚಾಯಿತು. ಆಗತಾನೇ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ನೆಪ ಕೈಗೆ ಬಂದಂತಾಯಿತು. ೧೭೯೯ರ ಮೇ ೪ರ ಮಧ್ಯಾಹ್ನ ಕಾವೇರಿಯನ್ನು ದಾಟಿ ಇಂಗ್ಲಿಷ್ ಸೈನ್ಯ ಕೋಟೆಯೊಳಕ್ಕೆ ನುಗ್ಗಿತು. ಸುಲ್ತಾನನು ಹೋರಾಡುತ್ತಲೇ ಮಡಿದನು.

ಅದೇ ಡಿಸೆಂಬರಿನಲ್ಲಿ ‘ಪ್ರೆನ್ಯೂಸ್’ ಇಂಗ್ಲಿಷ್ ಹಡಗುಗಳಿಂದ ತಪ್ಪಿಸಿಕೊಳ್ಳಲು ಹೋಗಿ ಮಾರಿಷಸ್ಸಿನ ತೀರದಲ್ಲಿ ನೆಲಹಿಡಿಯಿತು. ಅದಕ್ಕೆ ಬೆಂಕಿಯಿಟ್ಟು ಇಂಗ್ಲಿಷರು ಹೊರಟುಹೋದರು.