ಮಾನವ ಸಂಪನ್ಮೂಲ ನಿರ್ವಹಣೆ

ಮಾನವ ಸಂಪನ್ಮೂಲ ನಿರ್ವಹಣೆಯು ಸಂಸ್ಥೆಯೊಂದಕ್ಕೆ ಬೇಕಾದ ಉದ್ಯೋಗಿಗಳನ್ನು ಆರಿಸಿ, ತರಬೇತಿ ನೀಡಿ, ಅವರ ವೇತನ, ಬಡ್ತಿ, ಶಿಸ್ತು ಮತ್ತು ಕ್ಷೇಮವನ್ನು ನಿಯಮಬದ್ಧವಾಗಿ ನೋಡಿಕೊಳ್ಳುವ ಕಾರ್ಯವಾಗಿದೆ. ಭಾರತದಲ್ಲಿ ಇದರ ಒಂದು ಮುಖ್ಯ ಬೇರು ಗಿರಣಿಗಳ ನೇಮಕಾತಿಯಲ್ಲಿದ್ದ ಅನ್ಯಾಯವನ್ನು ತಡೆಯುವ ಪ್ರಯತ್ನದಲ್ಲಿದೆ.

ಹಿನ್ನೆಲೆ

ಬ್ರಿಟಿಷ್ ಆಳ್ವಿಕೆಯ ಕಾಲದ ಹತ್ತಿ ಮತ್ತು ಸೆಣಬಿನ ಗಿರಣಿಗಳಲ್ಲಿ ಕಾರ್ಮಿಕರನ್ನು ಸೇರಿಸುವ ಹಾಗೂ ತೆಗೆಸುವ ಅಧಿಕಾರವು ಬಹುಮಟ್ಟಿಗೆ ಮಧ್ಯವರ್ತಿಗಳ ಕೈಯಲ್ಲಿತ್ತು. ಇವರನ್ನು ಪ್ರದೇಶಕ್ಕೆ ತಕ್ಕಂತೆ ಜಾಬರ್, ಸರ್ದಾರ್, ಮೇಸ್ತ್ರಿ ಎಂದು ಕರೆಯುತ್ತಿದ್ದರು. ಕೆಲಸ ಪಡೆಯಲೂ ಉಳಿಸಿಕೊಳ್ಳಲೂ ಇವರಿಗೆ ಲಂಚ ಕೊಡಬೇಕಾಗುತ್ತಿತ್ತು. 1929ರಲ್ಲಿ ನೇಮಕಗೊಂಡ ಕಾರ್ಮಿಕರ ಕುರಿತ ರಾಯಲ್ ಆಯೋಗವು (ವಿಟ್ಲಿ ಆಯೋಗ) ಈ ಪದ್ಧತಿಯನ್ನು ಕೊನೆಗಾಣಿಸಲು ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು 1931ರ ತನ್ನ ವರದಿಯಲ್ಲಿ ಶಿಫಾರಸು ಮಾಡಿತು. 1948ರ ಕಾರ್ಖಾನೆಗಳ ಕಾಯ್ದೆಯು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣ ಅಧಿಕಾರಿಯನ್ನು ಕಡ್ಡಾಯಗೊಳಿಸಿತು.

ಮೂಲ ಕಾರ್ಯಗಳು

* ಉದ್ಯೋಗ ವಿಶ್ಲೇಷಣೆ: ಹುದ್ದೆಯ ಕೆಲಸ ಮತ್ತು ಅದಕ್ಕೆ ಬೇಕಾದ ಅರ್ಹತೆಯನ್ನು ಬರವಣಿಗೆಯಲ್ಲಿ ನಿಗದಿಪಡಿಸುವುದು. ಆಯ್ಕೆಯು ಪರಿಚಯ ಅಥವಾ ಶಿಫಾರಸನ್ನು ಅವಲಂಬಿಸದಂತೆ ಇದು ತಡೆಯುತ್ತದೆ.
* ನೇಮಕಾತಿ ಮತ್ತು ಆಯ್ಕೆ: ಅರ್ಜಿ ಆಹ್ವಾನಿಸಿ, ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಮಾನದಂಡದಿಂದ ಪರೀಕ್ಷಿಸುವುದು.
* ತರಬೇತಿ ಮತ್ತು ಮೌಲ್ಯಮಾಪನ: ಕೆಲಸವನ್ನು ನಿಯತಕಾಲಿಕವಾಗಿ ಪರಿಶೀಲಿಸಿ, ಕೊರತೆಯಿದ್ದಲ್ಲಿ ಕೌಶಲ ಕಲಿಸುವುದು.
* ವೇತನ: ಸಮಾನ ಕೆಲಸಕ್ಕೆ ಸಮಾನ ಸಂಬಳವನ್ನು ಹಾಗೂ ಭವಿಷ್ಯ ನಿಧಿ, ಉಪದಾನ ಮುಂತಾದ ಸೌಲಭ್ಯಗಳನ್ನು ಒದಗಿಸುವುದು.
* ಶಿಸ್ತುಕ್ರಮ: ಆರೋಪವನ್ನು ಲಿಖಿತವಾಗಿ ತಿಳಿಸಿ, ಉದ್ಯೋಗಿಯ ಉತ್ತರ ಪಡೆದು, ವಿಚಾರಣೆ ನಡೆಸಿದ ನಂತರವೇ ಶಿಕ್ಷೆ ವಿಧಿಸುವುದು. ಕೈಗಾರಿಕಾ ಉದ್ಯೋಗದ ಷರತ್ತುಗಳನ್ನು ಸ್ಥಾಯಿ ಆದೇಶಗಳ ರೂಪದಲ್ಲಿ ಸ್ಪಷ್ಟಪಡಿಸಬೇಕೆಂದು 1946ರ ಕಾಯ್ದೆಯೊಂದು ವಿಧಿಸಿತು.

ವಿಸ್ತರಣೆ ಮತ್ತು ಮಿತಿಗಳು

1970ರ ದಶಕದ ಮಧ್ಯಭಾಗದಲ್ಲಿ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಅವರ ಸಲಹೆಯ ಮೇರೆಗೆ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯು ಮಾನವ ಸಂಪನ್ಮೂಲ ಅಭಿವೃದ್ಧಿಗೆ ಪ್ರತ್ಯೇಕ ವ್ಯವಸ್ಥೆ ರೂಪಿಸಿತು. ಅಲ್ಲಿಂದ ಮುಂದೆ ದಾಖಲೆ ಮತ್ತು ಶಿಸ್ತಿನ ಜೊತೆಗೆ ಉದ್ಯೋಗಿಯ ಬೆಳವಣಿಗೆಯೂ ಈ ವಿಭಾಗದ ಹೊಣೆಯೆಂಬ ಭಾವನೆ ಬಲಗೊಂಡಿತು.

ಆದರೆ ಗುತ್ತಿಗೆದಾರರ ಮೂಲಕ ದುಡಿಯುವವರ ನೇಮಕ, ವೇತನ ಮತ್ತು ವಜಾ ಸಾಮಾನ್ಯವಾಗಿ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದ ನೇರ ನಿರ್ವಹಣೆಗೆ ಒಳಪಡುವುದಿಲ್ಲ. ಒಂದೇ ಆವರಣದಲ್ಲಿ ಕೆಲಸ ಮಾಡಿದರೂ ಇವರಿಗೆ ಮೇಲಿನ ನಿಯಮಗಳ ರಕ್ಷಣೆ ಪೂರ್ಣವಾಗಿ ದೊರೆಯದೆ ಹೋಗಬಹುದು. ಹಿಂದೆ ಜಾಬರನ ಕೈಯಲ್ಲಿದ್ದ ಅಧಿಕಾರವು ಇಂತಹ ಕಡೆಗಳಲ್ಲಿ ಮತ್ತೆ ಮಧ್ಯವರ್ತಿಯ ಪಾಲಾಗುತ್ತದೆ.