ಅಭಿಮನ್ಯು ಸತ್ತ ರಾತ್ರಿಯ ನಿದ್ದೆ

2025ರ ಮೇ ತಿಂಗಳಲ್ಲಿ ಗಡಿಯಾಚೆ ಈಚೆ ಕ್ಷಿಪಣಿ, ಡ್ರೋನ್‌ಗಳು ಹಾರಾಡುತ್ತಿದ್ದಾಗ ನಾನು ಎಸ್.ಎಲ್. ಭೈರಪ್ಪನವರ ಮಹಾಭಾರತದ ಕಾದಂಬರಿ ‘ಪರ್ವ’ ಓದುತ್ತಿದ್ದೆ. ಹಗಲೆಲ್ಲ ಟಿವಿಯ ಯುದ್ಧ, ರಾತ್ರಿ ಹೆಣ ಕೊಳೆಯುವ ಕುರುಕ್ಷೇತ್ರ. ಮೂರನೇ ರಾತ್ರಿಯೂ ನಿದ್ದೆ ಬರದೆ ಪುಸ್ತಕ ಮುಚ್ಚಿಟ್ಟೆ. ಮಹಾಭಾರತವನ್ನು ಮನೆಯೊಳಗೆ ಪೂರ್ತಿ ಓದಬಾರದು ಅನ್ನುತ್ತಿದ್ದ ಅಜ್ಜಿ ನೆನಪಾದಳು.

ಅದೇ ಯುದ್ಧವನ್ನು ನಮ್ಮ ತುಮಕೂರು ಸೀಮೆ ಬೆಳಗಿನವರೆಗೂ ಕೂತು ನೋಡುತ್ತದೆ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತ್ತು. ಇವತ್ತಿಗೂ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ, ರೈತರೂ ಗುಮಾಸ್ತರೂ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು ಕರ್ಣ, ದುರ್ಯೋಧನರಾಗುತ್ತಾರೆ. ಅಭಿಮನ್ಯು ಬಿದ್ದಾಗ ಜನ ಕಣ್ಣೊರೆಸಿಕೊಳ್ಳುತ್ತಾರೆ. ಮನೆಗೆ ಹೋಗಿ ಮಲಗಿದರೆ ನಿದ್ದೆಯೂ ಬರುತ್ತದೆ.

ನನಗೇಕೆ ಬರಲಿಲ್ಲ? ಮಿದುಳಿನಲ್ಲಿ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ ಅದು ಮೈಯನ್ನು ಎಚ್ಚರಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ. ಏರಿದ್ದು ಇಳಿಯಲು ಬಿಡುವು ಬೇಕು. ಟಿವಿ ಅದನ್ನು ಕೊಡುವುದಿಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಹೊತ್ತು ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಥಳದಲ್ಲಿದ್ದವರಿಗಿಂತಲೂ ತೀವ್ರ ಒತ್ತಡದ ಲಕ್ಷಣಗಳು ಕಂಡವು. ನಾಟಕಕ್ಕಾದರೆ ಕೊನೆಗೊಂದು ಮಂಗಳವಿದೆ. ‘ಒನ್ಸ್ ಮೋರ್’ ಕೂಗು ಬಿದ್ದರೆ ಸಾಯುತ್ತಿರುವವನೂ ಎದ್ದು ಇನ್ನೊಮ್ಮೆ ಹಾಡುತ್ತಾನೆ. ಇದು ಆಟ, ಅಪಾಯವಲ್ಲ ಎಂದು ಮಿದುಳಿಗೆ ತಿಳಿಯಲು ಇದಕ್ಕಿಂತ ಇನ್ನೇನು ಬೇಕು!

ಶೋಕವನ್ನು ಪಾತ್ರಗಳು ಬಾಯಿಬಿಟ್ಟು ಹಾಡುತ್ತವೆ ಎಂಬುದೂ ಸಣ್ಣ ಸಂಗತಿಯಲ್ಲ. ಭಾವನೆಗೆ ಮಾತಿನಲ್ಲಿ ಹೆಸರಿಟ್ಟರೆ ಅಮಿಗ್ಡಲದ ಚಟುವಟಿಕೆ ತಗ್ಗುತ್ತದೆ, ಹಣೆಯ ಹಿಂದಿನ ಮಿದುಳು ಚುರುಕಾಗುತ್ತದೆ ಎಂದು ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ಒಬ್ಬನೇ ಓದುವವನ ಕಷ್ಟ ಇಲ್ಲೇ ಇದೆ: ಹೆಸರಿಡಲು ಎದುರಿಗೆ ಯಾರೂ ಇರುವುದಿಲ್ಲ.

ಇನ್ನು ಕಣ್ಣು ಮುಚ್ಚಿದರೆ ಎದುರಾಗುವ ಚಿತ್ರಗಳು. ಮನೋವಿಜ್ಞಾನಿ ಎಮಿಲಿ ಹೋಮ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಘೋರ ದೃಶ್ಯಗಳ ಚಿತ್ರ ನೋಡಿ ಅರ್ಧ ಗಂಟೆಯ ನಂತರ, ಬೀಳುವ ಆಕಾರಗಳನ್ನು ಜೋಡಿಸುವ ಟೆಟ್ರಿಸ್ ಎಂಬ ವಿಡಿಯೊ ಗೇಮ್ ಆಡಿದವರಿಗೆ ಮುಂದಿನ ವಾರವಿಡೀ ಆ ದೃಶ್ಯಗಳು ಕಡಿಮೆ ಮರುಕಳಿಸಿದವು. ಮನಸ್ಸಿನ ಕಣ್ಣು ಬೇರೆ ಆಕಾರಗಳನ್ನು ಜೋಡಿಸುವುದರಲ್ಲಿ ತೊಡಗಿದ್ದರೆ ಹಳೆಯ ಚಿತ್ರ ಅಷ್ಟು ಗಟ್ಟಿಯಾಗಿ ಅಚ್ಚಾಗುವುದಿಲ್ಲ. ಚುಕ್ಕಿ ರಂಗೋಲಿಯೂ ಈ ಕೆಲಸ ಮಾಡೀತು ಎಂಬುದು ನನ್ನ ಊಹೆ.

ಯುದ್ಧವನ್ನು ಸ್ವತಃ ಕಂಡವರ, ಮಗನನ್ನು ಗಡಿಗೆ ಕಳಿಸಿ ಕೂತವರ ಪಾಡು ಬೇರೆ. ಅವರಿಗೆ ಇಂಥ ಪುಸ್ತಕವನ್ನು ಒತ್ತಾಯಿಸಿ ಕೊಡಬಾರದು. ವಾರಗಟ್ಟಲೆ ನಿದ್ದೆ ಕೆಟ್ಟರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಾನು ‘ಪರ್ವ’ವನ್ನು ಮತ್ತೆ ತೆರೆದೆ. ಟಿವಿಗೆ ಅರ್ಧ ಗಂಟೆ ಮಾತ್ರ. ಓದು ತುಮಕೂರಿನ ಅಮಾನಿಕೆರೆಯ ದಂಡೆಯಲ್ಲಿ, ಬಿಸಿಲಿರುವಾಗಲೇ. ದ್ರೌಪದಿಯ ಮಕ್ಕಳು ಸತ್ತ ದಿನ ಕುಣಿಗಲ್ಲಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಊರಿನ ನಾಟಕದಲ್ಲಿ ಎರಡು ಸಲ ಅಶ್ವತ್ಥಾಮನಾದವನು. ಮುಕ್ಕಾಲು ಗಂಟೆ ಮಾತಾಡಿದೆವು.